ನಡೆಯಲಾರದವರಿಗೆ ಕುದುರೆಯ ನೆರವು

ಕಾವೇರಿ ಕಪಿಲೆಗಳ ಸಂಗಮಕ್ಕೆ ಸಮೀಪದಲ್ಲಿರುವ ಸೋಸಲೆ, ವ್ಯಾಸರಾಜ ಮಠದಿಂದ ಹೆಸರಾದ ಊರು. ತಿರುಮಕೂಡಲು ನರಸೀಪುರದ ಸುತ್ತಣ ಇತರ ಹಳ್ಳಿಗಳಂತೆ ಇಲ್ಲಿಯೂ ನೀರಾವರಿಯ ಗದ್ದೆಗಳಿವೆ, ದನಕರುಗಳಿವೆ, ಆಡುಕುರಿಗಳಿವೆ. ಇಂತಹ ಊರುಗಳಲ್ಲಿ ಮಗುವೊಂದು ನಡೆಯಲು ಕಲಿಯುವುದು ಯಾರ ವಿಶೇಷ ಗಮನಕ್ಕೂ ಬಾರದೆ ಆಗಿಹೋಗುವ ಸಂಗತಿ. ನಿನ್ನೆ ಗೋಡೆ ಹಿಡಿದು ನಿಂತಿದ್ದ ಕೂಸು ಕೆಲವು ದಿನಗಳಲ್ಲಿಯೇ ಕರುವಿನ ಹಿಂದೆ ಓಡುತ್ತಿರುತ್ತದೆ. ಆದರೆ ಮೂರು ವರ್ಷ ತುಂಬಿದರೂ ಕುಳಿತಲ್ಲಿಯೇ ಒರಗಿಬಿಡುವ, ಎತ್ತಿ ನಿಲ್ಲಿಸಿದರೆ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬೀಳುವ ಮಗುವಿರುವ ಮನೆಯಲ್ಲಿ ನಡಿಗೆಯ ಬೆಲೆ ಏನೆಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಅಂತಹ ಮನೆಗೆ ಇಂದು ಮೊಬೈಲ್ ಫೋನಿನ ಮೂಲಕ ಒಂದು ಸುದ್ದಿ ತಲಪುತ್ತದೆ: "ಕುದುರೆಯ ಮೇಲೆ ಕೂರಿಸಿದರೆ ಇಂತಹ ಮಕ್ಕಳು ನಡೆಯುತ್ತಾರೆ." ಇದು ನಿಜವೆ? ನಿಜವಾದರೆ ಅದಕ್ಕೆ ಕಾರಣವೇನು? ಅರ್ಧ ನಿಜವಾದರೆ ಯಾವ ಅರ್ಧ? ಹೊಲವನ್ನೋ ಒಡವೆಯನ್ನೋ ಅಡವಿಟ್ಟು ಮಗುವನ್ನು ದೂರದ ಊರಿಗೆ ಕರೆದೊಯ್ಯಲು ಸಿದ್ಧರಾಗುವ ತಂದೆತಾಯಿಗಳಿಗೆ ಈ ಪ್ರಶ್ನೆಗಳು ಕೇವಲ ಕುತೂಹಲದ ಪ್ರಶ್ನೆಗಳಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 2 ಕೋಟಿ 68 ಲಕ್ಷ ಮಂದಿ ವಿಕಲಚೇತನರಿದ್ದರು. ಕರ್ನಾಟಕವೊಂದರಲ್ಲಿಯೇ 13 ಲಕ್ಷಕ್ಕೂ ಮಿಕ್ಕಿದ್ದರು. ಈ ಪ್ರಶ್ನೆಗಳಿಗೆ ವೈದ್ಯಶಾಸ್ತ್ರವು ಉತ್ತರ ಹೇಳಬೇಕಾದುದು ಸರಿಯೆ. ಆದರೆ ಉತ್ತರದ ಒಂದು ದೊಡ್ಡ ಭಾಗ ಭೌತಶಾಸ್ತ್ರದಲ್ಲಿ, ಅದರಲ್ಲಿಯೂ ಪ್ರೌಢಶಾಲೆಯ ವಿದ್ಯಾರ್ಥಿಗಳೂ ಓದುವ ನ್ಯೂಟನ್ನನ ನಿಯಮಗಳಲ್ಲಿ, ಅಡಗಿದೆ. ಅದನ್ನು ಇಲ್ಲಿ ವಿಚಾರಮಾಡೋಣ.

ನಡಿಗೆಯ ಲೆಕ್ಕ

ನಾವು ನಡೆಯುವಾಗ ಕಾಲುಗಳು ಮಾತ್ರ ಕೆಲಸಮಾಡುತ್ತವೆಂದು ತಿಳಿಯುವುದು ವಾಡಿಕೆ. ಹಾಗಲ್ಲ. ಕಾಲುಗಳಿಗೂ ಬೆನ್ನುಮೂಳೆಗೂ ನಡುವೆ ಸೊಂಟದ ಮೂಳೆಗೂಡು ಇದೆ. ಇದಕ್ಕೆ ಶ್ರೋಣಿಯೆಂದು ಹೆಸರು. ಪ್ರತಿಯೊಂದು ಹೆಜ್ಜೆಗೂ ಈ ಶ್ರೋಣಿ ಮೂರು ದಿಕ್ಕುಗಳಲ್ಲಿ ಚಲಿಸುತ್ತದೆ. ಮೊದಲನೆಯದಾಗಿ, ಅದು ಕೆಲವು ಸೆಂಟಿಮೀಟರುಗಳಷ್ಟು ಮೇಲೆ ಕೆಳಗೆ ಆಡುತ್ತದೆ. ಎರಡನೆಯದಾಗಿ, ಊರಿದ ಕಾಲಿನ ಕಡೆಗೆ ಪಕ್ಕಕ್ಕೆ ಸರಿಯುತ್ತದೆ. ಮೂರನೆಯದಾಗಿ, ಒಂದೇ ವೇಗದಲ್ಲಿ ಮುಂದೆ ಹೋಗದೆ, ಹೆಜ್ಜೆಯೊಂದರಲ್ಲಿ ಒಮ್ಮೆ ವೇಗ ಹೆಚ್ಚಿಸಿಕೊಂಡು ಒಮ್ಮೆ ತಗ್ಗಿಸಿಕೊಳ್ಳುತ್ತದೆ. ಇವುಗಳ ಜೊತೆಗೆ ತುಸು ತಿರುಚುವಿಕೆಯೂ ಓರೆಯಾಗುವಿಕೆಯೂ ಸೇರಿವೆ. ಸಾಮಾನ್ಯ ನಡಿಗೆಯಲ್ಲಿ ಮನುಷ್ಯನು ನಿಮಿಷಕ್ಕೆ 100ರಿಂದ 120 ಹೆಜ್ಜೆಗಳನ್ನಿಡುತ್ತಾನೆ. ಎಂದರೆ, ಬಲಗಾಲು ಒಮ್ಮೆ ನೆಲವನ್ನು ಮುಟ್ಟಿ ಮತ್ತೊಮ್ಮೆ ಮುಟ್ಟುವುದಕ್ಕೆ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ.

ಅಲುಗಾಡುವ ಈ ಪೀಠದ ಮೇಲೆ ಮುಂಡವೂ ತಲೆಯೂ ನೆಟ್ಟಗೆ ನಿಲ್ಲಬೇಕು. ಅಂಗೈಯ ಮೇಲೆ ಕೋಲನ್ನು ನಿಲ್ಲಿಸಿ ಬೀಳದಂತೆ ಆಡಿಸುವ ಆಟವನ್ನು ನಮ್ಮ ವಾಚಕರು ಆಡಿಯೇ ಇರುವರು. ಉದ್ದನೆಯ ಕೋಲನ್ನು ನಿಲ್ಲಿಸುವುದು ಸುಲಭ, ಗಿಡ್ಡ ಕೋಲನ್ನು ನಿಲ್ಲಿಸುವುದು ಕಷ್ಟ. ಏತಕ್ಕೆಂದರೆ, ಕೋಲು ಬೀಳಲು ಹಿಡಿಯುವ ಕಾಲವು ಅದರ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ. ಉದ್ದವು ನಾಲ್ಕನೆಯ ಒಂದು ಭಾಗವಾದರೆ ಕಾಲ ಅರ್ಧವಾಗುವುದು. ಮಗುವಿನ ಮುಂಡವು ಗಿಡ್ಡ ಕೋಲಿನಂತೆ. ಬಾಗಿದುದನ್ನು ಸರಿಪಡಿಸುವ ಆಜ್ಞೆ ಮಿದುಳಿನಿಂದ ಹೊಟ್ಟೆಯ ಮತ್ತು ಬೆನ್ನಿನ ಸ್ನಾಯುಗಳಿಗೆ ಬಹು ಬೇಗ ಬಂದು ಸೇರಬೇಕು. ಆರೋಗ್ಯವಂತ ಮಗು ಸಾವಿರಾರು ಸಲ ಬಿದ್ದು ಎದ್ದು ಈ ಲೆಕ್ಕವನ್ನು ಮಾಡಲು ಕಲಿಯುತ್ತದೆ.

ಸೆರೆಬ್ರಲ್ ಪಾಲ್ಸಿ ಎಂಬ ಊನವಿರುವ ಮಗುವಿಗೆ ಈ ಅವಕಾಶ ತಪ್ಪಿಹೋಗುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ ತಗುಲಿದ ಪೆಟ್ಟು ಇದಕ್ಕೆ ಕಾರಣ. ಆ ಪೆಟ್ಟು ಮುಂದೆ ಹೆಚ್ಚುವುದಿಲ್ಲ. ಆದರೆ ಸ್ನಾಯುಗಳಿಗೆ ಹೋಗುವ ಆಜ್ಞೆಗಳು ಕ್ರಮತಪ್ಪಿರುತ್ತವೆ. ಅನೇಕ ಮಕ್ಕಳಲ್ಲಿ ತೊಡೆಯ ಒಳಭಾಗದ ಸ್ನಾಯುಗಳು ಬಿಗಿದುಕೊಂಡು ಕಾಲುಗಳನ್ನು ಒಂದಕ್ಕೊಂದು ಸೇರಿಸಿಬಿಡುತ್ತವೆ. ನಡೆಯದೆ ಮುಂಡಕ್ಕೆ ಅಭ್ಯಾಸವಿಲ್ಲ, ಮುಂಡಕ್ಕೆ ಅಭ್ಯಾಸವಾಗದೆ ನಡಿಗೆಯಿಲ್ಲ. ಈ ಚಕ್ರವನ್ನು ಎಲ್ಲಿಯಾದರೂ ಒಂದೆಡೆ ಮುರಿಯಬೇಕು.

ಕುದುರೆಯ ನಾಲ್ಕು ಹೆಜ್ಜೆ

ಕುದುರೆಗೆ ಹಲವು ಗತಿಗಳಿವೆ. ನಾಗಾಲೋಟದಲ್ಲಿಯೂ, ಸವಾರನನ್ನು ಕುಕ್ಕಿ ಎತ್ತುವ ಕುಕ್ಕುಲೋಟದಲ್ಲಿಯೂ ನಾಲ್ಕು ಗೊರಸುಗಳೂ ನೆಲವನ್ನು ಬಿಟ್ಟಿರುವ ಕ್ಷಣಗಳುಂಟು. ಆದರೆ ನಿಧಾನವಾದ ನಡೆಯಲ್ಲಿ ಅಂತಹ ಕ್ಷಣವಿಲ್ಲ. ನಾಲ್ಕು ಗೊರಸುಗಳು ಒಂದಾದ ಮೇಲೊಂದರಂತೆ ನೆಲವನ್ನು ಮುಟ್ಟುತ್ತವೆ. ಯಾವಾಗಲೂ ಎರಡು ಅಥವಾ ಮೂರು ಕಾಲುಗಳು ನೆಲದ ಮೇಲಿರುತ್ತವೆ. ಆದುದರಿಂದ ಈ ನಡೆಯಲ್ಲಿ ಎತ್ತಿಹಾಕುವಿಕೆ ಇಲ್ಲ, ತೂಗುವಿಕೆ ಮಾತ್ರ ಇದೆ.

ಸಾಧಾರಣ ಗಾತ್ರದ ಕುದುರೆ ಗಂಟೆಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ನಡೆಯುತ್ತದೆ. ಅದರ ಒಂದು ಪೂರ್ಣ ದಾಪು, ಎಂದರೆ ಒಂದೇ ಕಾಲು ಎರಡು ಸಲ ಊರಿದ ಗುರುತುಗಳ ನಡುವಣ ದೂರ, ಒಂದೂಮುಕ್ಕಾಲು ಮೀಟರಿನ ಆಸುಪಾಸಿನಲ್ಲಿರುತ್ತದೆ. ಭಾಗಿಸಿ ನೋಡಿದರೆ ಒಂದು ದಾಪಿಗೆ ಒಂದು ಸೆಕೆಂಡಿಗಿಂತ ತುಸು ಹೆಚ್ಚಿನ ಕಾಲ ಬೇಕಾಗುವುದು ಕಂಡುಬರುತ್ತದೆ. ಮನುಷ್ಯನ ನಡಿಗೆಯ ಆವೃತ್ತಿಕಾಲವೂ ಹೆಚ್ಚುಕಡಮೆ ಇಷ್ಟೇ ಎಂಬುದನ್ನು ಮೇಲೆ ನೋಡಿದೆವು.

ಹೋಲಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ಕುದುರೆಯ ಎಡ ಹಿಂಗಾಲು ನೆಲವನ್ನು ಬಿಟ್ಟು ಮುಂದೆ ಬರುವಾಗ ಅದರ ಬೆನ್ನಿನ ಎಡಭಾಗ ತಗ್ಗುತ್ತದೆ. ಆ ಕಾಲು ನೆಲವನ್ನೂರಿ ಒತ್ತಿದಾಗ ಏರುತ್ತದೆ. ಬಲಗಡೆಯೂ ಹಾಗೆಯೆ. ಹೀಗೆ ಬೆನ್ನಿನ ಮೇಲೆ ಕುಳಿತವನ ಶ್ರೋಣಿಯು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಯುತ್ತದೆ, ಏರಿಳಿಯುತ್ತದೆ, ಮುಂದೆ ತಳ್ಳಲ್ಪಡುತ್ತದೆ. ಸವಾರನು ತನ್ನ ಕಾಲಿನಿಂದ ಒಂದು ಹೆಜ್ಜೆಯನ್ನೂ ಇಡದಿದ್ದರೂ ಅವನ ಸೊಂಟವು ನಡೆಯುತ್ತಿರುತ್ತದೆ! ಕುದುರೆಯ ಹಿಂಗಾಲುಗಳು ನಿಮಿಷಕ್ಕೆ 100 ಹೆಜ್ಜೆ ಇಡುವುವೆಂದು ಇಟ್ಟುಕೊಂಡರೆ, ಇಪ್ಪತ್ತು ನಿಮಿಷಗಳ ಸವಾರಿಯಲ್ಲಿ ಮಗುವಿಗೆ ಎರಡು ಸಾವಿರ ಹೆಜ್ಜೆಗಳ ಅನುಭವ ದೊರೆಯುವುದು. ನೆಲದ ಮೇಲೆ ಎರಡು ಹೆಜ್ಜೆಯನ್ನೂ ಇಡಲಾರದ ಮಗುವಿಗೆ ಇದನ್ನು ಬೇರೆ ಯಾವ ರೀತಿಯಲ್ಲಿ ಒದಗಿಸಬಹುದು?

ಬೆನ್ನಿಗೆ ದೊರೆಯುವ ಪಾಠ

ಮೈಸೂರಿನಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರು ಜಡತ್ವದ ನಿಯಮವನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಬಸ್ಸು ಹೊರಟಾಗ ದೇಹ ಹಿಂದಕ್ಕೆ ವಾಲುತ್ತದೆ, ಬ್ರೇಕು ಹಾಕಿದಾಗ ಮುಂದಕ್ಕೆ ಬಾಗುತ್ತದೆ. ಕುದುರೆಯ ಬೆನ್ನಿನ ಮೇಲೆ ಇದೇ ಕ್ರಿಯೆ ಸೆಕೆಂಡಿಗೆ ಸುಮಾರು ಎರಡು ಸಲ, ಮೃದುವಾಗಿ, ತಾಳಬದ್ಧವಾಗಿ ನಡೆಯುತ್ತದೆ. ಕುದುರೆ ಮುಂದೆ ತಳ್ಳಿದಾಗ ಮಗುವಿನ ಮುಂಡ ಹಿಂದೆ ಉಳಿಯುತ್ತದೆ. ಹೊಟ್ಟೆಯ ಸ್ನಾಯುಗಳು ಅದನ್ನು ಎಳೆದು ತರಬೇಕು. ವೇಗ ತಗ್ಗಿದಾಗ ಮುಂಡ ಮುಂದೆ ಬಾಗುತ್ತದೆ. ಬೆನ್ನಿನ ಸ್ನಾಯುಗಳು ತಡೆಯಬೇಕು. ಮುಂದಿನ ತಳ್ಳು ಯಾವಾಗ ಬರುವುದೆಂಬುದು ತಾಳದಿಂದ ಗೊತ್ತಾಗುವುದರಿಂದ ಮಿದುಳು ಕ್ರಮೇಣ ಅದಕ್ಕೆ ಮೊದಲೇ ಸಿದ್ಧವಾಗುತ್ತದೆ. ಎತ್ತಿನ ಗಾಡಿಯಲ್ಲಿ ಕುಳಿತವನಿಗೂ ಕುಲುಕಾಟವುಂಟು. ಆದರೆ ಅದಕ್ಕೆ ಕಾರಣ ಹಾದಿಯ ಹಳ್ಳದಿಣ್ಣೆಗಳಾದುದರಿಂದ ತಾಳವಿಲ್ಲ, ತಾಳವಿಲ್ಲದುದರಿಂದ ಪಾಠವೂ ಇಲ್ಲ.

ಈ ತಳ್ಳುಗಳ ಪ್ರಮಾಣವನ್ನು ಹೆಚ್ಚು ಕಡಮೆ ಮಾಡಲು ಬರುತ್ತದೆ ಎಂಬುದು ಇನ್ನೊಂದು ಮುಖ್ಯವಾದ ವಿಷಯ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕುದುರೆ ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ, 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ನಡೆಯುತ್ತಿದೆ. ಕೇಂದ್ರದ ಕಡೆಗಿನ ವೇಗೋತ್ಕರ್ಷವು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಎಂದರೆ ಸೆಕೆಂಡಿನ ವರ್ಗಕ್ಕೆ 0.45 ಮೀಟರ್. ಇದು ಗುರುತ್ವದ ವೇಗೋತ್ಕರ್ಷದಲ್ಲಿ ಸುಮಾರು ಇಪ್ಪತ್ತೆರಡರಲ್ಲಿ ಒಂದು ಪಾಲು. 20 ಕಿಲೋಗ್ರಾಂ ತೂಕದ ಮಗುವಿಗೆ, ಒಂದು ಕಿಲೋಗ್ರಾಮಿಗಿಂತ ತುಸು ಕಡಮೆ ತೂಕವು ಹೊರಗಡೆಗೆ ಸೆಳೆದಂತೆ ತೋರುವುದು. ವೃತ್ತವನ್ನು ಎರಡರಷ್ಟು ದೊಡ್ಡದು ಮಾಡಿದರೆ ಈ ಸೆಳೆತ ಅರ್ಧವಾಗುವುದು; ವೇಗವನ್ನು ಎರಡರಷ್ಟು ಮಾಡಿದರೆ ನಾಲ್ಕರಷ್ಟಾಗುವುದು. ಆದಕಾರಣ ಅನುಭವಿಯಾದ ಚಿಕಿತ್ಸಕನು ಮೊದಲು ನೇರವಾದ ಹಾದಿಯಲ್ಲಿ, ಆಮೇಲೆ ದೊಡ್ಡ ವೃತ್ತದಲ್ಲಿ, ಆ ಮೇಲೆ ಹಾವಿನ ಹರಿದಾಟದಂತಹ ಡೊಂಕು ಹಾದಿಯಲ್ಲಿ ಕುದುರೆಯನ್ನು ನಡೆಸುತ್ತಾನೆ. ನಡುನಡುವೆ ನಿಲ್ಲಿಸಿ ಹೊರಡಿಸುತ್ತಾನೆ. ವೈದ್ಯನು ಔಷಧವನ್ನು ತೊಟ್ಟು ಲೆಕ್ಕದಲ್ಲಿ ಕೊಡುವಂತೆ ಇಲ್ಲಿ ವೇಗೋತ್ಕರ್ಷವನ್ನು ಅಳತೆಮಾಡಿ ಕೊಡಲಾಗುತ್ತದೆ. ಈ ವಿಧಾನಕ್ಕೆ ಹಿಪೋಥೆರಪಿ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಹಿಪೋಸ್ ಎಂದರೆ ಕುದುರೆ.

ಇದರಲ್ಲಿ ಜೀನನ್ನು ಬಿಟ್ಟು ದಪ್ಪನೆಯ ಕಂಬಳಿಯ ಮೇಲೆ ಮಗುವನ್ನು ಕೂರಿಸುವ ಪದ್ಧತಿಯೂ ಉಂಟು. ಕುದುರೆಯ ಮೈಯ ಉಷ್ಣತೆ ಸುಮಾರು 38 ಡಿಗ್ರಿ ಸೆಲ್ಸಿಯಸ್; ನಮ್ಮದಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚು. ಅಗಲವಾದ ಬೆನ್ನು ತೊಡೆಗಳನ್ನು ದೂರವಿರಿಸುತ್ತದೆ, ಬಿಸುಪು ತಾಗುತ್ತದೆ, ತೂಗಾಟ ನಡೆಯುತ್ತಿರುತ್ತದೆ. ಬಿಗಿದ ಸ್ನಾಯುಗಳು ಸಡಿಲಗೊಳ್ಳಲು ಇವು ಮೂರೂ ಅನುಕೂಲಿಸುವುವೆಂದು ಚಿಕಿತ್ಸಕರ ಅಭಿಪ್ರಾಯ.

ಈ ವಿದ್ಯೆ ಬೆಳೆದ ಬಗೆ

ಸವಾರಿ ದೇಹಕ್ಕೆ ಹಿತವೆಂಬ ನಂಬಿಕೆ ಹಳೆಯದು. ಆದರೆ ವಿಕಲಚೇತನರಿಗೆ ಸವಾರಿ ಸಾಧ್ಯವೆಂಬುದನ್ನು ಜಗತ್ತಿನ ಕಣ್ಣಿಗೆ ತಂದವಳು ಡೆನ್ಮಾರ್ಕಿನ ಲಿಸ್ ಹಾರ್ಟೆಲ್. ಒಳ್ಳೆಯ ಸವಾರಳೆಂದು ಹೆಸರಾಗಿದ್ದ ಆಕೆಗೆ 1944ರಲ್ಲಿ ಪೋಲಿಯೋ ತಗುಲಿತು. ಆಗ ಆಕೆ ಗರ್ಭಿಣಿ. ಮೊಣಕಾಲಿನ ಕೆಳಗೆ ಸ್ವಾಧೀನ ಮತ್ತೆ ಬರಲೇ ಇಲ್ಲ. ಆದರೂ ಆಕೆ ಸವಾರಿಯನ್ನು ಬಿಡಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ, ಕುದುರೆಯನ್ನು ನಯವಾದ ಸಂಜ್ಞೆಗಳಿಂದ ನಡೆಸುವ ಡ್ರೆಸಾಜ್ ಸ್ಪರ್ಧೆಯು ಮೊದಲ ಬಾರಿಗೆ ಹೆಂಗಸರಿಗೆ ತೆರೆದಿತ್ತು. ಹಾರ್ಟೆಲ್ ತನ್ನ ಜುಬಿಲಿ ಎಂಬ ಕುದುರೆಯೊಡನೆ ಗಂಡಸರ ಸಮಕ್ಕೆ ಸ್ಪರ್ಧಿಸಿ ಬೆಳ್ಳಿಯ ಪದಕವನ್ನು ಗೆದ್ದಳು. ಕುದುರೆಯನ್ನು ಹತ್ತಲೂ ಇಳಿಯಲೂ ಆಕೆಗೆ ಇತರರ ನೆರವು ಬೇಕಾಗಿತ್ತು. 1956ರಲ್ಲಿ ಮತ್ತೊಮ್ಮೆ ಬೆಳ್ಳಿಯ ಪದಕ ಬಂದಿತು.

ಈ ಗೆಲುವಿನ ತರುವಾಯ ಯೂರೋಪಿನ ಹಲವು ದೇಶಗಳಲ್ಲಿ ವಿಕಲಚೇತನರಿಗೆ ಸವಾರಿ ಕಲಿಸುವ ಕೇಂದ್ರಗಳು ಹುಟ್ಟಿದುವು. 1969ರಲ್ಲಿ ಬ್ರಿಟನ್ನಿನಲ್ಲಿಯೂ ಉತ್ತರ ಅಮೆರಿಕದಲ್ಲಿಯೂ ಇದಕ್ಕಾಗಿಯೇ ರಾಷ್ಟ್ರಮಟ್ಟದ ಸಂಘಗಳು ಸ್ಥಾಪಿತವಾದುವು. 1996ರ ಅಟ್ಲಾಂಟ ಪ್ಯಾರಾಲಿಂಪಿಕ್ಸಿನಿಂದೀಚೆಗೆ ಸವಾರಿಯು ವಿಕಲಚೇತನರ ಅಂತರರಾಷ್ಟ್ರೀಯ ಕ್ರೀಡೆಗಳಲ್ಲಿ ಸೇರಿದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಹಾರ್ಟೆಲ್ ಸವಾರಿಯನ್ನು ಮೊದಲೇ ಬಲ್ಲವಳು. ಆಕೆಯ ಮಿದುಳಿಗೆ ಊನವಾಗಿರಲಿಲ್ಲ. ಸವಾರಿಯನ್ನು ವಿದ್ಯೆಯಾಗಿ ಕಲಿಯುವುದು ಒಂದು. ಕುದುರೆಯ ಚಲನೆಯನ್ನು ಚಿಕಿತ್ಸೆಯಾಗಿ ಪಡೆಯುವುದು ಇನ್ನೊಂದು. ಮೊದಲನೆಯದಕ್ಕೆ ಸವಾರಿಯ ಗುರು ಸಾಕು. ಎರಡನೆಯದಕ್ಕೆ ತರಬೇತಾದ ಫಿಸಿಯೋಥೆರಪಿಸ್ಟರು ಇರಲೇಬೇಕು.

ಪೀಪಾಯಿಯ ಪರೀಕ್ಷೆ

ಕಾರಣ ಚೆನ್ನಾಗಿದ್ದ ಮಾತ್ರಕ್ಕೆ ಕಾರ್ಯ ಸಿದ್ಧಿಸಿತೆಂದು ವಿಜ್ಞಾನ ಒಪ್ಪುವುದಿಲ್ಲ. ಮಗುವಿನಲ್ಲಿ ಕಂಡ ಸುಧಾರಣೆ ಕುದುರೆಯ ಚಲನೆಯಿಂದಲೇ ಬಂದುದೋ, ಕಾಲುಗಳನ್ನು ಅಗಲಿಸಿ ಕುಳಿತುದರಿಂದ ಮಾತ್ರ ಬಂದುದೋ? ಇದನ್ನು ತಿಳಿಯಲು ಅಮೆರಿಕದಲ್ಲಿ ಮಾಡಿದ ಒಂದು ಪ್ರಯೋಗದ ವಿವರ 2003ರಲ್ಲಿ ಪ್ರಕಟವಾಯಿತು. ಸೆರೆಬ್ರಲ್ ಪಾಲ್ಸಿಯಿದ್ದ, 4ರಿಂದ 12 ವರ್ಷ ವಯಸ್ಸಿನ 15 ಮಕ್ಕಳನ್ನು ಚೀಟಿ ಎತ್ತಿದಂತೆ ಯದೃಚ್ಛೆಯಾಗಿ ಎರಡು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳು 8 ನಿಮಿಷ ನಡೆಯುವ ಕುದುರೆಯ ಮೇಲೆ ಕುಳಿತರು. ಇನ್ನೊಂದು ಗುಂಪಿನವರು ಅಷ್ಟೇ ಹೊತ್ತು ಅಲುಗಾಡದ ಪೀಪಾಯಿಯ ಮೇಲೆ ಕಾಲು ಇಳಿಬಿಟ್ಟು ಕುಳಿತರು. ಸ್ನಾಯುಗಳಲ್ಲಿ ಹುಟ್ಟುವ ಸೂಕ್ಷ್ಮ ವಿದ್ಯುತ್ತನ್ನು ಉಪಕರಣದಿಂದ ಮೊದಲೂ ಆಮೇಲೂ ಅಳೆದರು. ಕುದುರೆಯ ಮೇಲೆ ಕುಳಿತವರಲ್ಲಿ ಎಡಬಲ ಸ್ನಾಯುಗಳ ಕೆಲಸ ಹೆಚ್ಚು ಸಮನಾಯಿತು. ಪೀಪಾಯಿಯ ಮೇಲೆ ಕುಳಿತವರಲ್ಲಿ ಆಗಲಿಲ್ಲ. ಎಂದರೆ ಫಲ ಬಂದುದು ಚಲನೆಯಿಂದ.

ಇಷ್ಟಕ್ಕೇ ಹಿಗ್ಗಿ ಜಯಘೋಷ ಮಾಡುವಂತಿಲ್ಲ. ಆಸ್ಟ್ರೇಲಿಯದಲ್ಲಿ 99 ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಹತ್ತು ವಾರ ಸವಾರಿ ಮಾಡಿದ ಮಕ್ಕಳಿಗೂ ಮಾಡದ ಮಕ್ಕಳಿಗೂ ನಿಲ್ಲುವ ನಡೆಯುವ ಶಕ್ತಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಈ ಎರಡು ಫಲಿತಾಂಶಗಳು ಒಂದನ್ನೊಂದು ಸುಳ್ಳುಮಾಡುವುವೆಂದು ತಿಳಿಯಬೇಕಾಗಿಲ್ಲ. ಒಂದು ಪರೀಕ್ಷೆ ಅಳೆದುದು ಕುದುರೆಯಿಂದ ಇಳಿದ ಕೂಡಲೆ ಸ್ನಾಯುಗಳಲ್ಲಿ ಕಂಡ ಬದಲಾವಣೆಯನ್ನು. ಇನ್ನೊಂದು ಅಳೆದುದು ವಾರಗಳ ತರುವಾಯ ದಿನನಿತ್ಯದ ಬಾಳಿನಲ್ಲಿ ಉಳಿದ ಶಕ್ತಿಯನ್ನು. ಸಂಗೀತದ ಪಾಠದ ಹೊತ್ತಿನಲ್ಲಿ ಶ್ರುತಿ ಸೇರಿದ ಮಾತ್ರಕ್ಕೆ ವಿದ್ಯೆ ಕೈವಶವಾಯಿತೆನ್ನುವಂತಿಲ್ಲ. ಮನೆಯಲ್ಲಿ ಸಾಧಕ ಬೇಕು. ಹಾಗೆಯೇ ಕುದುರೆಯ ಮೇಲಣ ಇಪ್ಪತ್ತು ನಿಮಿಷವು ನೆಲದ ಮೇಲಣ ನಿತ್ಯದ ವ್ಯಾಯಾಮದ ಸ್ಥಾನವನ್ನು ತುಂಬಲಾರದು, ಅದಕ್ಕೆ ಪೂರಕವಾಗಬಲ್ಲುದು.

ಆದುದರಿಂದ "ಕುದುರೆಯ ಮೇಲೆ ಕೂತರೆ ಮಗು ನಡೆಯುತ್ತದೆ" ಎಂಬ ಮಾತಿನಲ್ಲಿ ನಿಜವಾದ ಅರ್ಧ ಯಾವುದೆಂದರೆ: ಮುಂಡದ ಸ್ನಾಯುಗಳಿಗೆ ಸಮತೋಲದ ಅಭ್ಯಾಸ ದೊರೆಯುತ್ತದೆ. ಮಿದುಳಿನ ಊನವು ಹೋಗಿಬಿಡುತ್ತದೆಂಬ ಉಳಿದ ಅರ್ಧಕ್ಕೆ ಆಧಾರವಿಲ್ಲ.

ಮಾತು ಬೇಡದ ಜೊತೆಗಾರ

ಪ್ರಾಣಿಯಿಂದ ದೊರೆಯುವುದು ಚಲನೆಯೊಂದೇ ಆಗಿದ್ದರೆ ಯಂತ್ರದ ಕುದುರೆಯೇ ಸಾಕಾಗುತ್ತಿತ್ತು. ಕುದುರೆಯ ನಡೆಯನ್ನು ಅನುಕರಿಸುವ ಯಂತ್ರಪೀಠಗಳನ್ನು ಜಪಾನ್ ಮೊದಲಾದ ದೇಶಗಳಲ್ಲಿ ನಿರ್ಮಿಸಿರುವುದೂ ಉಂಟು. ಆದರೆ ಜೀವವುಳ್ಳ ಪ್ರಾಣಿ ಇನ್ನೊಂದನ್ನು ಕೊಡುತ್ತದೆ. ಮಗು ಏನು ಮಾಡಿದರೂ ಅದು ಒಂದು ಉತ್ತರವನ್ನು ಕೊಡುತ್ತದೆ.

ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಎಂಬವರ ಜಿಂಗಲ್ಸ್ ಎಂಬ ನಾಯಿಯ ಪ್ರಸಂಗ ಈ ಶಾಸ್ತ್ರದಲ್ಲಿ ಪ್ರಸಿದ್ಧವಾದುದು. ಯಾರೊಡನೆಯೂ ಬೆರೆಯದಿದ್ದ ಬಾಲಕನೊಬ್ಬ ನಿಗದಿಯಾದ ಹೊತ್ತಿಗಿಂತ ಮೊದಲೇ ಬಂದಾಗ ನಾಯಿ ಕೋಣೆಯಲ್ಲಿಯೇ ಇತ್ತು. ಬಾಲಕನು ಅದರೊಡನೆ ಆಡತೊಡಗಿದ. ನಾಯಿಯ ಮೂಲಕ ವೈದ್ಯರೊಡನೆಯೂ ಮಾತಿಗೆ ದಾರಿಯಾಯಿತು. 1962ರಲ್ಲಿ ಲೆವಿನ್ಸನ್ ಇದನ್ನು ಕುರಿತು ಲೇಖನ ಬರೆದಾಗ ಹಲವು ವಿದ್ವಾಂಸರು ಹಾಸ್ಯಮಾಡಿದರು. ಇಂದು ಯಾರೂ ಹಾಸ್ಯಮಾಡುವುದಿಲ್ಲ. ತೊದಲುವ ಮಗುವಿನ ಮಾತನ್ನು ತಿದ್ದದೆ, ಅವಸರಪಡದೆ ಕೇಳುವ ಜೊತೆಗಾರ ನಾಯಿ. ಆಟಿಸಂ ಇರುವ, 6ರಿಂದ 16 ವರ್ಷದ ನೂರಕ್ಕೂ ಹೆಚ್ಚು ಮಕ್ಕಳನ್ನು ಕುರಿತು ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಒಂದು ಗುಂಪು ಹತ್ತು ವಾರ ಸವಾರಿ ಮಾಡಿತು. ಇನ್ನೊಂದು ಗುಂಪು ಅಷ್ಟೇ ಕಾಲ, ಕುದುರೆಯನ್ನು ಮುಟ್ಟದೆ, ಕುದುರೆಯ ವಿಷಯವನ್ನು ಮಾತ್ರ ಕಲಿಯಿತು. ಸವಾರಿ ಮಾಡಿದವರಲ್ಲಿ ರೇಗಾಟವೂ ಚಡಪಡಿಕೆಯೂ ತಗ್ಗಿ, ಆಡುವ ಮಾತುಗಳು ಹೆಚ್ಚಿದುವು.

ಪ್ರಾಣಿಯೊಡನೆ ಕಾಲಕಳೆಯುವುದೆಲ್ಲವೂ ಚಿಕಿತ್ಸೆಯೆನಿಸದು. ಗೊತ್ತಾದ ಗುರಿ, ಬಲ್ಲವರ ಮೇಲ್ವಿಚಾರಣೆ, ಬರೆದಿಟ್ಟ ಅಳತೆ ಇವು ಮೂರೂ ಇದ್ದರೆ ಚಿಕಿತ್ಸೆ. ಇಲ್ಲದಿದ್ದರೆ ಅದು ಸಂತೋಷದ ಚಟುವಟಿಕೆ. ಚಟುವಟಿಕೆಯನ್ನು ಕೀಳೆಂದು ಭಾವಿಸಬೇಕಾಗಿಲ್ಲ. ಸೋಸಲೆಯಂತಹ ಊರಿನಲ್ಲಿ ಅದಕ್ಕೆ ಬೇಕಾದ ಸಾಮಗ್ರಿ ಮನೆಯಂಗಳದಲ್ಲಿಯೇ ಇದೆ. ಆಡಿನ ಮರಿಗೆ ಹಲಸಿನ ಸೊಪ್ಪನ್ನು ತಿನ್ನಿಸಲು ಕೈಯನ್ನು ನೀಡಬೇಕು. ಮಡಿಚಿಕೊಂಡ ಮೊಣಕೈ ಬಿಡಿಸಿಕೊಳ್ಳಲು ಅದೊಂದು ವ್ಯಾಯಾಮ. ಕರುವಿನ ಮೈಯನ್ನು ಹುಲ್ಲಿನಿಂದ ಉಜ್ಜುವಾಗ ಮುಂಡ ಮುಂದೆ ಹಿಂದೆ ಆಡುತ್ತದೆ. ಕೋಳಿಗಳನ್ನು ಕರೆಯುವಾಗ ನಾಲಗೆ ತಿರುಗುತ್ತದೆ, ಎಣಿಸುವಾಗ ಬುದ್ಧಿ ಚುರುಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸದಾ ಇತರರಿಂದ ಸೇವೆ ಪಡೆಯುತ್ತಿದ್ದ ಮಗುವಿಗೆ ತಾನೂ ಒಂದು ಜೀವಕ್ಕೆ ಆಸರೆಯಾಗಬಲ್ಲೆನೆಂಬ ತಿಳಿವು ಬರುತ್ತದೆ.

ಯಾರಿಗೆ ಸಲ್ಲದು

ಯಾವ ಔಷಧವೂ ಎಲ್ಲರಿಗೂ ಹೊಂದುವುದಿಲ್ಲ. ಸೊಂಟದ ಕೀಲು ತಪ್ಪಿರುವವರಿಗೆ, ಹತೋಟಿಗೆ ಬಾರದ ಮೂರ್ಛೆರೋಗವಿರುವವರಿಗೆ, ಮೂಳೆ ಬೇಗ ಮುರಿಯುವವರಿಗೆ, ಬೆನ್ನುಮೂಳೆ ಬಹಳವಾಗಿ ಡೊಂಕಾದವರಿಗೆ ಸವಾರಿ ಅಪಾಯಕರ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲ್ಭಾಗದ ಕೀಲು ಸಡಿಲವಾಗಿರುವುದರಿಂದ ವೈದ್ಯರ ಪರೀಕ್ಷೆಯಾಗದೆ ಅವರನ್ನು ಕುದುರೆ ಹತ್ತಿಸಕೂಡದು. ಸವಾರಿಯ ಹೊತ್ತಿನಲ್ಲಿ ತಲೆಗೆ ಗಟ್ಟಿ ಟೋಪಿ ಇರಬೇಕು. ಲಗಾಮು ಹಿಡಿದು ನಡೆಸುವವರು ಒಬ್ಬರು, ಅಕ್ಕಪಕ್ಕದಲ್ಲಿ ನಡೆಯುವವರು ಇಬ್ಬರು, ಇವರಲ್ಲದೆ ಚಿಕಿತ್ಸಕರು ಬೇಕು. ಕುದುರೆಯಿಲ್ಲವೆಂದು ಮಗುವನ್ನು ಎತ್ತಿನ ಬೆನ್ನಿಗೆ ಹತ್ತಿಸುವುದು ಸರ್ವಥಾ ಸಲ್ಲದು. ಅದರ ನಡೆಯನ್ನು ಯಾರೂ ಇದಕ್ಕಾಗಿ ಅಳೆದಿಲ್ಲ; ಕೊಂಬಿನ ಅಪಾಯ ಬೇರೆ. ಮನೆಯ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಬೇಕು. ಯಾವ ಪ್ರಾಣಿಯನ್ನು ಮುಟ್ಟಿದ ಮೇಲೂ ಸೋಪಿನಿಂದ ಕೈತೊಳೆಯಬೇಕು.

ಕುದುರೆಯ ಹಿತವೂ ಇಲ್ಲಿ ಅಷ್ಟೇ ಮುಖ್ಯ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ವಾಡಿಕೆಯ ನಿಯಮ. 400 ಕಿಲೋಗ್ರಾಂ ತೂಗುವ ಕುದುರೆಗೆ 80 ಕಿಲೋಗ್ರಾಂ. ಸಮತೋಲವಿಲ್ಲದ ಸವಾರನ ಭಾರ ಬೆನ್ನಿನ ಒಂದೇ ಕಡೆ ಬೀಳುವುದರಿಂದ ಕುದುರೆಗೆ ಹೆಚ್ಚಿನ ಶ್ರಮವಾಗುತ್ತದೆ. ಕಿವಿಗಳನ್ನು ಹಿಂದಕ್ಕೆ ಒತ್ತುವುದು, ಬಾಲವನ್ನು ಪಟಪಟನೆ ಬಡಿಯುವುದು ಅದರ ಅಸಮಾಧಾನದ ಗುರುತುಗಳು. ನೋವುಂಡ ಕುದುರೆಯ ನಡೆ ಕುಂಟುತ್ತದೆ. ಕುಂಟುವ ನಡೆ ಮಗುವಿಗೆ ತಪ್ಪು ಪಾಠವನ್ನು ಕಲಿಸುತ್ತದೆ. ಹೀಗೆ ದಯೆಯೂ ಶಾಸ್ತ್ರವೂ ಇಲ್ಲಿ ಒಂದೇ ಮಾತನ್ನು ಹೇಳುತ್ತವೆ.

ನಮ್ಮ ನಾಡಿನಲ್ಲಿ

ಮೈಸೂರು ಸೀಮೆಗೆ ಕುದುರೆ ಹೊಸದಲ್ಲ. ಕುಣಿಗಲಿನ ಕುದುರೆ ತಳಿಕೇಂದ್ರದ ಇತಿಹಾಸ ಟಿಪ್ಪುವಿನ ಕಾಲಕ್ಕೆ ಹೋಗುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿದ ಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು. ಇಂದಿಗೂ ಮೈಸೂರಿನಲ್ಲಿ ದಸರೆಯ ಮೆರವಣಿಗೆಗೆ ಅಶ್ವಾರೋಹಿ ಪೊಲೀಸರಿದ್ದಾರೆ, ಅರಮನೆಯ ಸುತ್ತ ಟಾಂಗಾಗಳಿವೆ. ಇನ್ನೊಂದು ಕಡೆ, ಮಾತು ಮತ್ತು ಕಿವಿಯ ತೊಂದರೆಗಳಿಗಾಗಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅದೇ ನಗರದಲ್ಲಿದೆ. ಬೆಂಗಳೂರಿನಲ್ಲಿ 1980ರಿಂದ ಕರ್ನಾಟಕ ಸ್ಪಾಸ್ಟಿಕ್ಸ್ ಸೊಸೈಟಿ ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗಾಗಿ ಕೆಲಸಮಾಡುತ್ತಿದೆ. ಬೆಂಗಳೂರಿನ ಹೊರವಲಯದ ಸವಾರಿ ಶಾಲೆಗಳಲ್ಲಿ ಇಂತಹ ಮಕ್ಕಳಿಗೆ ಕುದುರೆಯ ನೆರವನ್ನು ಒದಗಿಸುವ ಪ್ರಯತ್ನಗಳೂ ಈ ಶತಮಾನದಲ್ಲಿ ನಡೆದಿವೆ. ಆದರೆ ಅದರ ವೆಚ್ಚವೂ ದೂರವೂ ಹಳ್ಳಿಯ ಮನೆಗೆ ಎಟುಕುವಂತಹುದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಗುರುತಿಸಿದ ಮೇಲೆ ನೆರವು ಮನೆಯ ಹತ್ತಿರಕ್ಕೆ ಬರಬೇಡವೆ? ಸೋಸಲೆಯಿಂದ ಮೈಸೂರು ಬಸ್ಸಿನಲ್ಲಿ ಹೋಗಿ ಅದೇ ದಿನ ಹಿಂದಿರುಗಬಹುದಾದ ಊರು. ಕುದುರೆಯನ್ನು ಬಲ್ಲವರೂ ಮಕ್ಕಳ ವ್ಯಾಯಾಮವನ್ನು ಬಲ್ಲವರೂ ಅಲ್ಲಿ ಒಟ್ಟಿಗೆ ಕುಳಿತು ಯೋಚಿಸಿದರೆ ವಾರಕ್ಕೊಂದು ದಿನದ ಕೇಂದ್ರವೊಂದು ಅಸಾಧ್ಯವೇನಲ್ಲ. ಓಟಕ್ಕೆಂದು ಬೆಳೆಸಿದ ಚುರುಕು ಕುದುರೆಗಳೆಲ್ಲ ಈ ಕೆಲಸಕ್ಕೆ ಒದಗುವುದಿಲ್ಲ. ಶಾಂತಸ್ವಭಾವದವನ್ನು ಆರಿಸಿ ತಿದ್ದಬೇಕು. ಅಲ್ಲಿಯವರೆಗೆ, ಹಣ ಹೊಂದಿಸಿ ದೂರ ಹೋಗುವ ಮೊದಲು, ಹತ್ತಿರದ ಆಸ್ಪತ್ರೆಯ ಫಿಸಿಯೋಥೆರಪಿಸ್ಟರಿಂದ ನಿತ್ಯದ ವ್ಯಾಯಾಮವನ್ನು ಕಲಿತು ಬಿಡದೆ ಮಾಡಿಸುವುದೇ ತಂದೆತಾಯಿಗಳಿಗೆ ಮೊದಲ ಹೆಜ್ಜೆ.

ವಿದ್ಯಾರ್ಥಿಗಳಿಗೂ ಇದರಲ್ಲಿ ಕೆಲಸವುಂಟು. ಮೊಬೈಲ್ ಫೋನಿನೊಳಗೆ ವೇಗೋತ್ಕರ್ಷವನ್ನು ಅಳೆಯುವ ಪುಟ್ಟ ಉಪಕರಣವಿರುತ್ತದೆ. ಅದರ ಅಳತೆಗಳನ್ನು ರೇಖಾಚಿತ್ರವಾಗಿ ತೋರಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಫೋನನ್ನು ಸೊಂಟದ ಹಿಂಭಾಗಕ್ಕೆ ಪಟ್ಟಿಯಿಂದ ಬಿಗಿದು ಐವತ್ತು ಹೆಜ್ಜೆ ನಡೆಯಿರಿ. ಸೆಕೆಂಡಿಗೆ ಸುಮಾರು ಎರಡರಂತೆ ಒಂದೇ ಅಂತರದಲ್ಲಿ ಏಳುವ ಶಿಖರಗಳನ್ನು ಕಾಣುವಿರಿ. ಅನಂತರ ಎತ್ತಿನ ಗಾಡಿಯಲ್ಲಿಯೂ ಬಸ್ಸಿನಲ್ಲಿಯೂ ಕುಳಿತು ಅಳೆಯಿರಿ. ಶಿಖರಗಳಿರುತ್ತವೆ, ಅಂತರದ ನಿಯಮವಿರುವುದಿಲ್ಲ. ಇಂಜಿನಿಯರಿಂಗ್ ಓದುವವರು ಮೊದಲನೆಯ ಚಿತ್ರವನ್ನು ಮುಂದಿಟ್ಟುಕೊಂಡು, ಅದೇ ತಾಳದಲ್ಲಿ ತೂಗುವ ಅಗ್ಗದ ಪೀಠವೊಂದನ್ನು ಮಾಡಲು ಯತ್ನಿಸಬಹುದು. ಅದನ್ನು ಮಕ್ಕಳಿಗೆ ಕೊಡುವ ಮೊದಲು ಚಿಕಿತ್ಸಕರ ಒಪ್ಪಿಗೆ ಬೇಕು. ಕೊಟ್ಟ ಮೇಲೆ ಪೀಪಾಯಿಯಂತಹ ಹೋಲಿಕೆಯ ಪರೀಕ್ಷೆಯೂ ಆಗಬೇಕು. ಕುದುರೆ ಎಲ್ಲ ಊರುಗಳಿಗೂ ಬರಲಾರದು. ಆದರೆ ಅದರ ನಡೆಯ ಲೆಕ್ಕವನ್ನು ಯಾವ ಊರಿನ ವಿದ್ಯಾರ್ಥಿಯಾದರೂ ಕಲಿಯಬಹುದು.